ಜರ್ನಲಿಸಂ ಓದೋಕೆ ಎಷ್ಟು ಸಾಲ ಮಾಡಬಹುದು? ಮೊದಲ ಸಂಬಳದಿಂದ ಹಿಂದಕ್ಕೆ ಲೆಕ್ಕ ಹಾಕೋದು ಹೇಗೆ

ಹೋದ ವರ್ಷ ಪಿಯುಸಿ ರಿಸಲ್ಟ್ ಬಂದ ವಾರದಲ್ಲೇ ಚನ್ನರಾಯಪಟ್ಟಣದ ಹತ್ರ ಇರೋ ನಮ್ಮ ಚಿಕ್ಕಪ್ಪ ಮಗಳನ್ನ ಕರ್ಕೊಂಡು ನಮ್ಮನೆಗೆ ಬಂದ್ರು, ಕೈಲಿ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನ ಬಣ್ಣಬಣ್ಣದ ಪುಸ್ತಕ. ಮಾಸ್ ಕಮ್ಯುನಿಕೇಷನ್ ಡಿಗ್ರಿ, ಹಾಸ್ಟೆಲ್ ಎಲ್ಲಾ ಸೇರಿ ವರ್ಷಕ್ಕೆ 2 ಲಕ್ಷ, ಮೂರು ವರ್ಷಕ್ಕೆ 6 ಲಕ್ಷ. "ಬ್ಯಾಂಕ್‌ನೋರು ಲೋನ್ ಕೊಡ್ತಾರಂತೆ ಕಣವ್ವ, ನೀನೂ ಇದೇ ಓದಿದ್ಯಲ್ಲ, ಒಂದ್ಸಲ ನೋಡು" ಅಂದ್ರು ಚಿಕ್ಕಪ್ಪ.

ನಾನೂ ಇದೇ ಓದಿದ್ದು ನಿಜ, ಸಾಲ ಮಾಡೇ ಓದಿದ್ದು. 3 ಲಕ್ಷ ತಗೊಂಡಿದ್ದೆ, ಓದು ಮುಗಿದು ಕಂತು ಶುರುವಾಗೋ ದಿನ ಬ್ಯಾಂಕ್‌ನಿಂದ ಬಂದ ಕಾಗದದಲ್ಲಿ ಬಾಕಿ 4 ಲಕ್ಷ ದಾಟಿತ್ತು, ಆವತ್ತು ನನ್ನ ಸಂಬಳ 14,500. ಆ ಕಾಗದ ಹಿಡ್ಕೊಂಡು ಪಿಜಿ ಟೆರೇಸ್ ಮೇಲೆ ಕೂತು ಅತ್ತಿದ್ದೀನಿ. ನಂಗೆ ಯಾರೂ ಮೊದಲೇ ಲೆಕ್ಕ ಹೇಳ್ಕೊಟ್ಟಿರಲಿಲ್ಲ, ಅದಕ್ಕೇ ಅವತ್ತು ತಂಗಿ ಜೊತೆ ಒಂದು ನೋಟ್‌ಬುಕ್ ಇಟ್ಕೊಂಡು ಕೂತು ಹಾಕಿದ ಲೆಕ್ಕನೆಲ್ಲ ಇಲ್ಲಿ ಬರೀತಾ ಇದ್ದೀನಿ, ಪತ್ರಿಕೋದ್ಯಮ, ಪಿಆರ್ (ಸಾರ್ವಜನಿಕ ಸಂಪರ್ಕ), ಜಾಹೀರಾತು ಯಾವುದೇ ಕಮ್ಯುನಿಕೇಷನ್ ಕೋರ್ಸಿಗೂ ಇದು ಹೊಂದುತ್ತೆ.

ಶುರು ಮಾಡೋಕೆ ಮುಂಚೆ ಒಂದು ಮಾತು. ಎಲ್ಲರೂ ಫೀಸಿನಿಂದ ಲೆಕ್ಕ ಶುರು ಮಾಡ್ತಾರೆ: ಫೀಸು ಇಷ್ಟು, ನಮ್ಮತ್ರ ಇರೋದು ಇಷ್ಟು, ಉಳಿದಿದ್ದು ಸಾಲ. ಇದು ತಲೆಕೆಳಗಾದ ಲೆಕ್ಕ. ಮೊದಲ ಕೆಲಸದ ಸಂಬಳದಿಂದ ಶುರು ಮಾಡಿ ಹಿಂದಕ್ಕೆ ಬರಬೇಕು, ಆಗ ಎಷ್ಟು ಸಾಲ ತಡ್ಕೊಳ್ಳೋಕಾಗುತ್ತೆ ಅಂತ ಗೊತ್ತಾಗುತ್ತೆ, ಆಮೇಲೆ ಆ ದುಡ್ಡಿಗೆ ಸಿಗೋ ಕಾಲೇಜು ಹುಡುಕಬೇಕು.

ಹಂತ 1: ಮೊದಲ ಸಂಬಳ ಎಷ್ಟು ಅಂತ ನಿಜವಾಗಿ ಪತ್ತೆ ಮಾಡಿ

ಕಾಲೇಜಿನ ಪುಸ್ತಕದಲ್ಲಿ "ಹೈಯೆಸ್ಟ್ ಪ್ಯಾಕೇಜ್" ಅಂತ ದೊಡ್ಡಕ್ಷರದಲ್ಲಿ ಹಾಕಿರ್ತಾರೆ. ಅದು ಒಬ್ಬರಿಗೆ ಸಿಕ್ಕಿದ್ದು, ನಿಮಗೆ ಬೇಕಾಗಿರೋದು ನಡುವಿನೋರಿಗೆ ಸಿಕ್ಕಿದ್ದು. ಕಾಲೇಜಿನೋರನ್ನ ನೇರವಾಗಿ ಕೇಳಿ: ಹೋದ ಬ್ಯಾಚಲ್ಲಿ ಎಷ್ಟು ಜನ ಪಾಸಾದ್ರು, ಅದ್ರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ತು, ಮೀಡಿಯಾದಲ್ಲೇ ಸಿಕ್ತಾ ಅಥವಾ ಕಾಲ್ ಸೆಂಟರ್ ಕೆಲಸನೂ ಸೇರಿಸಿ ಹೇಳ್ತಿದ್ದಾರಾ, ಇಂಟರ್ನ್‌ಶಿಪ್ಪನ್ನೂ ಕೆಲಸ ಅಂತ ಎಣಿಸಿದ್ದಾರಾ. ಉತ್ತರ ಅತ್ತಿತ್ತ ಜಾರಿದ್ರೆ ಅದೇ ಒಂದು ಉತ್ತರ.

ಅದಕ್ಕಿಂತ ಒಳ್ಳೇದು ಅದೇ ಕಾಲೇಜಲ್ಲಿ ಎರಡು ಮೂರು ವರ್ಷದ ಹಿಂದೆ ಓದಿ ಹೋದೋರಿಗೆ ಫೋನ್ ಮಾಡೋದು. ಲಿಂಕ್ಡ್‌ಇನ್, ಇನ್‌ಸ್ಟಾಗ್ರಾಂನಲ್ಲಿ ಸಿಕ್ತಾರೆ, ಮರ್ಯಾದೆಯಾಗಿ ಕೇಳಿದ್ರೆ ಹೇಳ್ತಾರೆ. ನಾವು ಏಳು ಜನಕ್ಕೆ ಮಾಡಿದ್ವಿ. ಮೊದಲ ಕೆಲಸದಲ್ಲಿ ಕೈಗೆ ಬಂದಿದ್ದು ಅಂತ ಅವರು ಹೇಳಿದ್ದು ಸಾವಿರದ ಲೆಕ್ಕದಲ್ಲಿ 15, 18, 20, 22, 24, 26, 38. ಆ 38 ಒಂದು ಐಟಿ ಕಂಪನಿಯ ಕಂಟೆಂಟ್ ಟೀಮಲ್ಲಿ ಸೇರಿದ ಹುಡುಗೀದು, 15 ಒಂದು ಚಾನೆಲ್ ಡೆಸ್ಕಲ್ಲಿ ಟ್ರೈನಿಯಾಗಿ ಸೇರಿದ ಹುಡುಗಂದು. ಎಲ್ಲಾ ಕೂಡಿ ಭಾಗಿಸಿದ್ರೆ 23 ಸಾವಿರ ಚಿಲ್ಲರೆ ಬರುತ್ತೆ, ಆದ್ರೆ ಅದನ್ನ ತಗೋಬೇಡಿ, ಒಬ್ಬರ ದೊಡ್ಡ ಸಂಬಳ ಸರಾಸರಿನ ಮೇಲಕ್ಕೆ ಎಳೆದುಬಿಡುತ್ತೆ. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ಮಧ್ಯದಲ್ಲಿರೋದನ್ನ ತಗೊಳ್ಳಿ, ನಮ್ಮದ್ರಲ್ಲಿ 22. ತಂಗಿ "ನಂಗೆ 38 ಸಿಗಬಾರ್ದಾ ಅಕ್ಕ" ಅಂದ್ಲು. ಸಿಗಲಿ, ಸಿಕ್ರೆ ಸಾಲ ಬೇಗ ತೀರಿಸು, ಆದ್ರೆ ಸಿಕ್ಕೇ ಸಿಗುತ್ತೆ ಅಂದ್ಕೊಂಡು ಸಾಲ ಮಾಡಬೇಡ ಅಂದೆ.

ಇಲ್ಲಿ ಸಿಟಿಸಿಗೂ (ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡೋ ಒಟ್ಟು ಖರ್ಚು) ಕೈಗೆ ಬರೋ ದುಡ್ಡಿಗೂ ಇರೋ ವ್ಯತ್ಯಾಸ ಗೊತ್ತಿರಬೇಕು. ಸಿಟಿಸಿ 3 ಲಕ್ಷ ಅಂದ್ರೆ ತಿಂಗಳಿಗೆ 25,000 ಅಂತ ಮನೇಲಿ ಹೇಳ್ಬಿಡ್ತೀವಿ. ಬೇಸಿಕ್ (ಮೂಲ ಸಂಬಳ) 12,500 ಇದ್ರೆ ಕಂಪನಿ ಕಟ್ಟೋ ಪಿಎಫ್ (ಭವಿಷ್ಯ ನಿಧಿ) 12% ಅಂದ್ರೆ 1,500, ಅದು ಸಿಟಿಸಿ ಒಳಗೇ ಇರುತ್ತೆ, ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,500, ಉಳಿಯೋದು 22,000. ಗ್ರಾಚುಟಿ, ವಿಮೆ ಅಂತ ಸೇರಿಸಿದ್ರೆ ಇನ್ನೂ ಸ್ವಲ್ಪ ಇಳಿಯುತ್ತೆ. ಪಿಎಫ್ ನಿಮ್ಮದೇ ದುಡ್ಡು, ಸರಿ, ಆದ್ರೆ ಅದ್ರಿಂದ ಇಎಂಐ ಕಟ್ಟೋಕಾಗಲ್ಲ.

ಇನ್ನೊಂದು ವಿಷಯ ನಮ್ಮ ಫೀಲ್ಡಿಗೇ ಸೇರಿದ್ದು. ಪತ್ರಕರ್ತರ ಸಂಬಳ ನಿಗದಿ ಮಾಡೋಕೆ ಕೇಂದ್ರ ಸರ್ಕಾರ ಮಾಡಿದ್ದ ಮಜೀಠಿಯಾ ವೇತನ ಮಂಡಳಿ ಶಿಫಾರಸು 2011ರಲ್ಲಿ ಅಧಿಸೂಚನೆಯಾಗಿ 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿದಿದೆ, ಅದನ್ನ ಓದಿ ಪತ್ರಕರ್ತರಿಗೆ ಇಷ್ಟು ಸಂಬಳ ಗ್ಯಾರಂಟಿ ಅಂದ್ಕೋಬೇಡಿ, ಅದು ಪತ್ರಿಕೆ ಮತ್ತು ಸುದ್ದಿಸಂಸ್ಥೆಗಳಿಗೆ ಸಂಬಂಧಪಟ್ಟಿದ್ದು, ಟಿವಿಗಲ್ಲ, ಮತ್ತೆ ಹೊಸಬರನ್ನ ಕಾಂಟ್ರಾಕ್ಟ್ ಮೇಲೆ ತಗೊಳ್ಳೋದೇ ಜಾಸ್ತಿ. ತಾಲ್ಲೂಕಲ್ಲಿ ಸ್ಟ್ರಿಂಗರ್ (ಕಾಯಂ ಅಲ್ಲದ ವರದಿಗಾರ) ಆಗಿ ಕೆಲಸ ಮಾಡೋರಿಗೆ ಬಹಳ ಕಡೆ ಸುದ್ದಿಗಿಷ್ಟು ಅಂತ ಕೊಡ್ತಾರೆ, ತಿಂಗಳ ಸಂಬಳನೇ ಇರಲ್ಲ, ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳು ಬರುತ್ತೆ.

ಹಂತ 2: ಆ ಸಂಬಳದಲ್ಲಿ ಬದುಕೋಕೆ ಎಷ್ಟು ಬೇಕು

ಮೀಡಿಯಾ, ಪಿಆರ್ ಕೆಲಸ ಬಹುತೇಕ ಬೆಂಗಳೂರಲ್ಲೇ ಇರೋದು, ಹಾಗಾಗಿ ಬೆಂಗಳೂರಿನ ಖರ್ಚನ್ನೇ ಹಾಕಿ. ನಾವು ಹಾಕಿದ್ದು: ಊಟ ಸೇರಿ ಶೇರಿಂಗ್ ಪಿಜಿ 9,500, ಓಡಾಟ 2,000, ಫೋನು ನೆಟ್ಟು 500, ಸೋಪು, ಬಟ್ಟೆ, ಔಷಧಿ, ಊರಿಗೆ ಹೋಗಿ ಬರೋದು ಎಲ್ಲಾ ಸೇರಿ 4,000, ಮನೆಗೆ 2,000. ಒಟ್ಟು 18,000. ಹೆಣ್ಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಲಿ ಬಿಎಂಟಿಸಿ ಸಾಮಾನ್ಯ ಬಸ್ ಫ್ರೀ ಇದೆ, ಹಾಗಂತ ಓಡಾಟದ ದುಡ್ಡನ್ನ ಸೊನ್ನೆ ಮಾಡಬೇಡಿ, ಬುಲೆಟಿನ್ ಶಿಫ್ಟ್ ಬೆಳಗ್ಗೆ ಐದಕ್ಕೋ ರಾತ್ರಿ ಹನ್ನೊಂದಕ್ಕೋ ಇದ್ರೆ ಆಟೋನೇ ಗತಿ.

22,000ದಲ್ಲಿ 18,000 ಹೋದ್ರೆ ಉಳಿಯೋದು 4,000. ಇದೇ ನಿಮ್ಮ ಇಎಂಐನ ಮಿತಿ. ಕೈಗೆ ಬರೋದ್ರಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಕಂತಿಗೆ ಹೋಗಬಾರದು ಅನ್ನೋದು ನನ್ನ ಅಭಿಪ್ರಾಯ, ಇದು ಆ ಗೆರೆ ಒಳಗೇ ಇದೆ. ಮನೆಗೆ ಕಳಿಸೋ ದುಡ್ಡನ್ನ ಈ ಲೆಕ್ಕದಿಂದ ತೆಗೀಬೇಡಿ, ಮೊದಲ ಸಂಬಳ ಬಂದ ಮೇಲೂ ಮನೆಗೆ ಏನೂ ಕೊಡೋಕಾಗ್ಲಿಲ್ಲ ಅನ್ನೋ ನೋವು ಎಂಥದ್ದು ಅಂತ ನಂಗೆ ಚೆನ್ನಾಗಿ ಗೊತ್ತು.

ಹಂತ 3: ಸಾಲ ಓದೋ ಕಾಲದಲ್ಲಿ ಹೇಗೆ ಬೆಳೆಯುತ್ತೆ ಅಂತ ನೋಡಿ

ಇದೇ ಎಲ್ಲರೂ ಎಡವೋ ಜಾಗ, ಹಾಗಾಗಿ ನಿಧಾನಕ್ಕೆ ಓದಿ. ಎಜುಕೇಷನ್ ಲೋನಿಗೆ ಮೊರಟೋರಿಯಂ ಇರುತ್ತೆ, ಅಂದ್ರೆ ಓದೋ ಅವಧಿ ಪ್ಲಸ್ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಕಂತು ಇಲ್ಲ ಅಂದ್ರೆ ಬಡ್ಡಿನೂ ಇಲ್ಲ ಅಂತ ಬಹಳ ಜನ ಅಂದ್ಕೊಂಡಿರ್ತಾರೆ, ನಾನೂ ಹಾಗೇ ಅಂದ್ಕೊಂಡಿದ್ದೆ. ಬ್ಯಾಂಕು ದುಡ್ಡು ಬಿಡುಗಡೆ ಮಾಡಿದ ದಿನದಿಂದಲೇ ಬಡ್ಡಿ ಓಡ್ತಾ ಇರುತ್ತೆ, ಸಾಮಾನ್ಯವಾಗಿ ಈ ಅವಧಿಲಿ ಸರಳ ಬಡ್ಡಿ, ಆಮೇಲೆ ಮೊರಟೋರಿಯಂ ಮುಗಿದ ದಿನ ಕೂಡಿಟ್ಟ ಬಡ್ಡಿನೆಲ್ಲ ಅಸಲಿಗೆ ಸೇರಿಸ್ತಾರೆ, ಅಲ್ಲಿಂದ ಮುಂದೆ ಬಡ್ಡಿಗೂ ಬಡ್ಡಿ.

ತಂಗಿಯ 6 ಲಕ್ಷಕ್ಕೆ ಲೆಕ್ಕ ಹಾಕೋಣ, ಬಡ್ಡಿ 10.5% ಅಂತ ಇಟ್ಕೊಳ್ಳಿ. ಮೊದಲ ವರ್ಷ ತಗೊಂಡ 2 ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 84,000. ಎರಡನೇ ವರ್ಷದ 2 ಲಕ್ಷಕ್ಕೆ ಮೂರು ವರ್ಷದ್ದು 63,000. ಮೂರನೇ ವರ್ಷದ 2 ಲಕ್ಷಕ್ಕೆ ಎರಡು ವರ್ಷದ್ದು 42,000. ಒಟ್ಟು ಬಡ್ಡಿ 1,89,000, ಕಂತು ಶುರುವಾಗೋ ದಿನ ಬಾಕಿ 7,89,000.

ಇದಕ್ಕೆ ಹತ್ತು ವರ್ಷದ ಇಎಂಐ ಸುಮಾರು 10,650. ಏಳು ವರ್ಷಕ್ಕೆ ಆದ್ರೆ 13,300. ಹದಿನೈದು ವರ್ಷಕ್ಕೆ ಎಳೆದ್ರೆ 8,700ಕ್ಕೆ ಇಳಿಯುತ್ತೆ, ಆದ್ರೆ ಒಟ್ಟು ಕಟ್ಟೋದು 15.7 ಲಕ್ಷ. ಅಂದ್ರೆ ಇಪ್ಪತ್ತೆರಡಕ್ಕೆ ಕಂತು ಶುರುವಾದ್ರೆ ಮೂವತ್ತೇಳು ತುಂಬೋವರೆಗೂ ಕಟ್ತಾನೇ ಇರಬೇಕು. ಚಿಕ್ಕಪ್ಪನಿಗೆ ಈ ಅಂಕಿ ತೋರಿಸಿದಾಗ ಅವರು ತುಂಬಾ ಹೊತ್ತು ಮಾತಾಡ್ಲಿಲ್ಲ. ನಮ್ಮ ಮಿತಿ 4,000, ಇಲ್ಲಿ ಹದಿನೈದು ವರ್ಷಕ್ಕೆ ಎಳೆದ್ರೂ ಅದರ ಎರಡರಷ್ಟಕ್ಕಿಂತ ಜಾಸ್ತಿ ಇದೆ.

ಈಗ ಹಿಂದಕ್ಕೆ ಬನ್ನಿ. ಹತ್ತು ವರ್ಷದ ಅವಧಿಲಿ 10.5% ಬಡ್ಡಿಗೆ ಒಂದು ಲಕ್ಷಕ್ಕೆ ಇಎಂಐ ಸುಮಾರು 1,350. ಹಾಗಾದ್ರೆ 4,000 ಇಎಂಐಗೆ ಕಂತು ಶುರುವಾಗೋ ದಿನದ ಬಾಕಿ 3 ಲಕ್ಷಕ್ಕಿಂತ ಸ್ವಲ್ಪ ಕಮ್ಮಿ ಇರಬೇಕು. ಮೂರು ವರ್ಷದ ಕೋರ್ಸಲ್ಲಿ ಬಡ್ಡಿ ಕಟ್ಟದೆ ಬಿಟ್ರೆ ಸಾಲ ಸುಮಾರು 1.3 ಪಟ್ಟು ಆಗುತ್ತೆ ಅಂತ ಈಗ ನೋಡಿದ್ವಿ, ಅಲ್ಲಿಗೆ ತಗೋಬಹುದಾದ ಸಾಲ ಎರಡೂಕಾಲು ಲಕ್ಷ. ನೋಟ್‌ಬುಕ್ಕಲ್ಲಿ ಈ ಸಂಖ್ಯೆಗೆ ಸುತ್ತ ಗೆರೆ ಹಾಕಿದ್ವಿ. ನಿಮ್ಮ ಸಂಬಳ, ಖರ್ಚು ಬೇರೆ ಇರಬಹುದು, ಸಂಖ್ಯೆ ಬದಲಾಗುತ್ತೆ, ವಿಧಾನ ಇದೇ.

ಹಂತ 4: ಓದುವಾಗಲೇ ಬಡ್ಡಿ ಕಟ್ಟೋಕಾಗುತ್ತಾ ನೋಡಿ

ಈ ಒಂದು ಹಂತ ನಾನು ಮಾಡಿದ್ದಿದ್ರೆ ನನ್ನ ಸಾಲ ಒಂದೆರಡು ವರ್ಷ ಮೊದಲೇ ಮುಗೀತಿತ್ತು. ಮೇಲಿನ 6 ಲಕ್ಷದ ಉದಾಹರಣೆಲೇ ಹೇಳ್ತೀನಿ. ಮೊದಲ ವರ್ಷ ತಿಂಗಳಿಗೆ 1,750, ಎರಡನೇ ವರ್ಷ 3,500, ಆಮೇಲೆ 5,250 ಅಂತ ಬಡ್ಡಿ ಮಾತ್ರ ಕಟ್ಟಿದ್ರೆ ಕಂತು ಶುರುವಾಗೋವಾಗ ಬಾಕಿ 6 ಲಕ್ಷವೇ ಇರುತ್ತೆ, ಇಎಂಐ ಸುಮಾರು 8,100. ಕೊನೆಗೆ ಒಟ್ಟು ಉಳಿಯೋದು ಒಂದು ಲಕ್ಷದ ಹದಿನೇಳು ಸಾವಿರದ ಹತ್ರ. ಹೀಗೆ ಕಟ್ಟೋರಿಗೆ ಕೆಲವು ಬ್ಯಾಂಕ್‌ಗಳು ಬಡ್ಡಿದರದಲ್ಲಿ 1% ರಿಯಾಯಿತಿ ಕೊಡ್ತವೆ, ಹೆಣ್ಮಕ್ಕಳಿಗೆ ಹಲವು ಸರ್ಕಾರಿ ಬ್ಯಾಂಕ್‌ಗಳಲ್ಲಿ 0.5% ಕಮ್ಮಿ ಇದೆ, ಎರಡನ್ನೂ ನೀವೇ ಬಾಯ್ಬಿಟ್ಟು ಕೇಳಬೇಕು.

ಹಂತ 5: ಅದೇ ಓದು ಕಡಿಮೆ ದುಡ್ಡಿಗೆ ಎಲ್ಲಿ ಸಿಗುತ್ತೆ

ಡಾಕ್ಟ್ರಾಗೋಕೆ, ಲಾಯರಾಗೋಕೆ ಆಯಾ ಡಿಗ್ರಿ ಇಲ್ದೆ ಆಗಲ್ಲ. ಪತ್ರಕರ್ತರಾಗೋಕೆ ನಮ್ಮ ದೇಶದಲ್ಲಿ ಅಂಥ ಲೈಸೆನ್ಸ್ ಇಲ್ಲ. ಬಿಎ ಕನ್ನಡ ಓದಿದೋರು, ಬಿಎಸ್ಸಿ ಓದಿದೋರು ನ್ಯೂಸ್‌ರೂಮಲ್ಲಿ ತುಂಬಾ ಜನ ಇದ್ದಾರೆ. ಇಂಟರ್ವ್ಯೂನಲ್ಲಿ ಮೊದಲು ಕೇಳೋದು ಏನು ಬರೆದಿದ್ದೀರಿ ತೋರಿಸಿ, ಏನು ಶೂಟ್ ಮಾಡಿದ್ದೀರಿ ತೋರಿಸಿ ಅಂತ. ಹಾಗಾಗಿ ಈ ಫೀಲ್ಡಲ್ಲಿ ದುಬಾರಿ ಡಿಗ್ರಿಗೆ ಕೊಡೋ ಹೆಚ್ಚುವರಿ ದುಡ್ಡು ಸಂಬಳದಲ್ಲಿ ಅಷ್ಟೇ ಹೆಚ್ಚಾಗಿ ವಾಪಸ್ ಬರುತ್ತೆ ಅಂತ ನಂಬೋಕಾಗಲ್ಲ. ದೊಡ್ಡ ಕಾಲೇಜಲ್ಲಿ ಪರಿಚಯ, ಇಂಗ್ಲಿಷ್, ಸ್ಟುಡಿಯೋ ಸಿಗುತ್ತೆ, ಅದು ಸುಳ್ಳಲ್ಲ, ಆದ್ರೆ ಅದಕ್ಕೆ ಬೆಲೆ ಎಷ್ಟು ಅಂತ ಮೇಲಿನ ನೋಟ್‌ಬುಕ್ ನೋಡಿ ನಿರ್ಧಾರ ಮಾಡಿ.

ನಮ್ಮಲ್ಲಿ ಒಳ್ಳೆ ದಾರಿಗಳು ಇವೆ. ಜಿಲ್ಲಾ ಕೇಂದ್ರಗಳ ಎಷ್ಟೋ ಪದವಿ ಕಾಲೇಜುಗಳಲ್ಲಿ ಬಿಎಗೆ ಪತ್ರಿಕೋದ್ಯಮ ಒಂದು ಐಚ್ಛಿಕ ವಿಷಯವಾಗಿ ಸಿಗುತ್ತೆ. ಎಂಎಗೆ ಮೈಸೂರು ವಿವಿಯ ಮಾನಸಗಂಗೋತ್ರಿ ಇದೆ, ಬೆಂಗಳೂರು ವಿವಿ, ಧಾರವಾಡದ ಕರ್ನಾಟಕ ವಿವಿ, ಶಂಕರಘಟ್ಟದ ಕುವೆಂಪು ವಿವಿ, ಮಂಗಳೂರು ವಿವಿಯ ಮಂಗಳಗಂಗೋತ್ರಿ, ಕಲಬುರಗಿ, ತುಮಕೂರು ಇವೆ, ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿವಿ ಇದೆ. ಕೆಲಸ ಮಾಡ್ಕೊಂಡೇ ಓದೋರಿಗೆ ಮುಕ್ತ ವಿವಿ. ಸರ್ಕಾರಿ ವಿವಿಲಿ ಎರಡು ವರ್ಷದ ಎಂಎಗೆ ಹಾಸ್ಟೆಲ್, ಲ್ಯಾಪ್‌ಟಾಪ್ ಎಲ್ಲಾ ಸೇರಿ 1.5 ಲಕ್ಷ ಸಾಲ ತಗೊಂಡ್ರೂ, ಅದೇ ಬಡ್ಡಿಗೆ ಕಂತು ಶುರುವಾಗೋವಾಗ ಬಾಕಿ 1.9 ಲಕ್ಷದ ಒಳಗೆ, ಐದು ವರ್ಷಕ್ಕೆ ಇಎಂಐ 4,070ರಷ್ಟು. 22,000 ಸಂಬಳದಲ್ಲಿ ಸ್ವಲ್ಪ ಬಿಗಿಯಾದ್ರೂ ಹೆಗಲು ತಡೆಯುತ್ತೆ.

ಕೋರ್ಸ್ ಎಷ್ಟು ವರ್ಷ ಅಂತನೂ ನೋಡ್ಕೊಳ್ಳಿ. ಕರ್ನಾಟಕ ಸರ್ಕಾರ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿದೆ, ಆದ್ರೆ ಕೆಲವು ಖಾಸಗಿ, ಡೀಮ್ಡ್ ವಿವಿಗಳಲ್ಲಿ ನಾಲ್ಕು ವರ್ಷದ ಆನರ್ಸ್ ಇದೆ. ನಾಲ್ಕನೇ ವರ್ಷ ಅಂದ್ರೆ ಒಂದು ವರ್ಷದ ಫೀಸು, ಅದರ ಮೇಲೆ ಹಳೇ ಸಾಲಕ್ಕೆಲ್ಲ ಇನ್ನೊಂದು ವರ್ಷದ ಬಡ್ಡಿ, ಜೊತೆಗೆ ಒಂದು ವರ್ಷದ ಸಂಬಳ ಹೋಯ್ತು. ವಿದೇಶದಲ್ಲಿ ಓದೋರ ವಿಷಯ ಬೇರೆ, ಅಲ್ಲಿ 7.5 ಲಕ್ಷ ದಾಟೋದ್ರಿಂದ ಸಾಮಾನ್ಯವಾಗಿ ಮನೆನೋ ಸೈಟೋ ಅಡ ಇಡಬೇಕಾಗುತ್ತೆ, ಮೀಡಿಯಾ ಓದಿಗೆ ಅಪ್ಪ ಅಮ್ಮ ಇರೋ ಮನೆ ಅಡ ಇಡಿ ಅಂತ ನಾನಂತೂ ಯಾರಿಗೂ ಹೇಳಲ್ಲ.

ಹಂತ 6: ಸಾಲಕ್ಕೆ ಮುಂಚೆ ವಾಪಸ್ ಕೊಡಬೇಕಿಲ್ಲದ ದುಡ್ಡು

ರಾಜ್ಯದ ಸ್ಕಾಲರ್‌ಶಿಪ್‌ಗಳಿಗೆಲ್ಲ ಎಸ್‌ಎಸ್‌ಪಿ ಪೋರ್ಟಲಲ್ಲಿ ಅರ್ಜಿ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ದುಡ್ಡು ಕೊಡೋ ವಿದ್ಯಾಸಿರಿ ಇದೆ. ಜಾತಿ, ಆದಾಯ ಪ್ರಮಾಣಪತ್ರ ಕಾಲೇಜು ಸೇರೋಕೆ ಮುಂಚೆಯೇ ನಾಡಕಚೇರಿಲಿ ಮಾಡಿಸಿಟ್ಕೊಳ್ಳಿ, ಕೊನೇ ವಾರದಲ್ಲಿ ಸರ್ವರ್ ಇಲ್ಲ ಅಂತ ವಾಪಸ್ ಬಂದೋರನ್ನ ತುಂಬಾ ನೋಡಿದ್ದೀನಿ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಲ್ಲೇ ಓದಿದ ಹೆಣ್ಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ಸ್ಕಾಲರ್‌ಶಿಪ್ ವರ್ಷಕ್ಕೆ 30,000, ಡಿಗ್ರಿ ಮೊದಲನೇ ವರ್ಷದಲ್ಲೇ ಅರ್ಜಿ ಹಾಕಬೇಕು. ತಂಗಿ ಇದಕ್ಕೆ ಹಾಕಿದ್ಲು.

ಹಂತ 7: ಸಾಲ ಬೇಕೇ ಬೇಕು ಅಂದ್ರೆ

ಸರ್ಕಾರಿ ಬ್ಯಾಂಕಿಗೆ ಮೊದಲು ಹೋಗಿ, ಕಾಲೇಜಿನ ಕೌಂಟರಲ್ಲೇ ಕೂತಿರೋ ಖಾಸಗಿ ಫೈನಾನ್ಸ್‌ನೋರ ಹತ್ರ ಅಲ್ಲ, ಅವರು ಎರಡು ದಿನದಲ್ಲಿ ಸಾಲ ಪಾಸ್ ಮಾಡ್ತಾರೆ, ಬಡ್ಡಿ ಮಾತ್ರ ಸರ್ಕಾರಿ ಬ್ಯಾಂಕಿಗಿಂತ ಜಾಸ್ತಿ ಇರೋದೇ ಹೆಚ್ಚು. ಬ್ಯಾಂಕುಗಳ ಮಾದರಿ ಯೋಜನೆ ಪ್ರಕಾರ 4 ಲಕ್ಷದವರೆಗೆ ಮಾರ್ಜಿನ್ ಇಲ್ಲ, ಅಂದ್ರೆ ನಿಮ್ಮ ಕೈಯಿಂದ ಪಾಲು ಹಾಕಬೇಕಿಲ್ಲ, ಅದರ ಮೇಲೆ ಭಾರತದ ಓದಿಗೆ 5%. 7.5 ಲಕ್ಷದವರೆಗೆ ಕ್ರೆಡಿಟ್ ಗ್ಯಾರಂಟಿ ಯೋಜನೆ ಇರೋದ್ರಿಂದ ಆಸ್ತಿ ಅಡ ಬೇಕಿಲ್ಲ. ಅಪ್ಪನೋ ಅಮ್ಮನೋ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು, ಹಾಗಾಗಿ ಅವರ ಹಳೇ ಬೆಳೆ ಸಾಲ, ಒಡವೆ ಸಾಲ ಬಾಕಿ ಇದ್ರೆ ಮೊದಲೇ ಸರಿ ಮಾಡ್ಕೊಳ್ಳಿ, ಅವರ ಸಿಬಿಲ್ಲನ್ನೂ (ಹಳೇ ಸಾಲ ಹೇಗೆ ತೀರಿಸಿದ್ದಾರೆ ಅನ್ನೋದರ ಮೇಲೆ ಕೊಡೋ ಅಂಕ) ಬ್ಯಾಂಕ್ ನೋಡುತ್ತೆ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆ ವಿಚಾರ್ಸಿ. ಪಟ್ಟಿಲಿರೋ ಸಂಸ್ಥೆಗಳಿಗೆ ಮಾತ್ರ ಅದು, ಶುರುವಲ್ಲಿ 860 ಇತ್ತು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ರೆ, ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಇಲ್ದಿದ್ರೆ, 10 ಲಕ್ಷದವರೆಗಿನ ಸಾಲಕ್ಕೆ ಮೊರಟೋರಿಯಂ ಅವಧಿಲಿ 3% ಬಡ್ಡಿ ಸಹಾಯ. ನಿಮ್ಮ ಕಾಲೇಜು ಪಟ್ಟಿಲಿ ಇದ್ಯಾ ಅಂತ ಪೋರ್ಟಲಲ್ಲಿ ನೀವೇ ನೋಡಿ, ಕಾಲೇಜಿನೋರ ಮಾತನ್ನೇ ನಂಬಿ ಕೂರಬೇಡಿ.

ಏಜೆಂಟರು ಹೇಳೋ ಒಂದು ಮಾತಿಗೆ ಬೀಳಬೇಡಿ: "ಬಡ್ಡಿಗೆ ಟ್ಯಾಕ್ಸ್ ಉಳಿಯುತ್ತೆ." ಆದಾಯ ತೆರಿಗೆ ಕಾನೂನಲ್ಲಿ ಆ ವಿನಾಯಿತಿ ಇದೆ, ಆದ್ರೆ ಹಳೇ ತೆರಿಗೆ ಪದ್ಧತಿಲಿ ಮಾತ್ರ. 22,000 ಸಂಬಳಕ್ಕೆ ತೆರಿಗೆನೇ ಬರಲ್ಲ, ಉಳಿಸೋದೇನು?

ಮ್ಯಾನೇಜರ್ ಹತ್ರ ಕೇಳಿ ಬರೆದಿಟ್ಕೋಬೇಕಾದ್ದು: ಬಡ್ಡಿ ಫ್ಲೋಟಿಂಗಾ (ಆಗಾಗ ಬದಲಾಗೋದಾ), ಓದೋ ಕಾಲದಲ್ಲಿ ಸರಳ ಬಡ್ಡಿನಾ, ಪ್ರೊಸೆಸಿಂಗ್ ಫೀ ಎಷ್ಟು, ವಿಮೆ ಕಡ್ಡಾಯನಾ ಮತ್ತೆ ಅದರ ಪ್ರೀಮಿಯಂ ಸಾಲಕ್ಕೇ ಸೇರಿಸ್ತೀರಾ. ಫ್ಲೋಟಿಂಗ್ ಬಡ್ಡಿ ಸಾಲವನ್ನ ಮೊದಲೇ ತೀರಿಸಿದ್ರೆ ದಂಡ ಹಾಕೋ ಹಾಗಿಲ್ಲ, ಅದು ನಿಮಗೆ ಗೊತ್ತಿರಲಿ.

ಹಂತ 8: ಕೆಲಸ ಹೋದ್ರೆ ಏನು ಅಂತ ಮೊದಲೇ ಯೋಚಿಸಿ

ಚಾನೆಲ್ ಮುಚ್ಚುತ್ತೆ, ಎಡಿಷನ್ ನಿಲ್ಲುತ್ತೆ, ಇಡೀ ಟೀಮನ್ನೇ ಕಳಿಸ್ತಾರೆ, ನಮ್ಮ ಫೀಲ್ಡಲ್ಲಿ ಇದು ನಡೀತಾನೇ ಇರುತ್ತೆ. ಕಂತು 90 ದಿನಕ್ಕಿಂತ ಜಾಸ್ತಿ ಬಾಕಿ ಉಳಿದ್ರೆ ಸಾಲ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತೆ, ಜೊತೆಗೆ ಸಹಿ ಹಾಕಿದ ಅಪ್ಪನ ಸಿಬಿಲ್ಲೂ ಹಾಳಾಗುತ್ತೆ, ಮುಂದೆ ಅವರಿಗೆ ಬ್ಯಾಂಕಲ್ಲಿ ಬೇರೆ ಸಾಲ ಸಿಗೋದು ಕಷ್ಟ. ಹಾಗಾಗಿ ಕೆಲಸ ಸಿಕ್ಕ ಮೊದಲ ವರ್ಷ, ಮೊರಟೋರಿಯಂ ಇನ್ನೂ ಇರುವಾಗಲೇ, ಆರು ತಿಂಗಳ ಇಎಂಐ ಬೇರೆ ಖಾತೆಲಿ ಕೂಡಿಡಿ. ಕೆಲಸ ಹೋದ್ರೆ ಬಚ್ಚಿಟ್ಕೋಬೇಡಿ, ಕಂತು ತಪ್ಪೋಕೆ ಮುಂಚೆಯೇ ಬ್ಯಾಂಕಿಗೆ ಹೋಗಿ ಅವಧಿ ಜಾಸ್ತಿ ಮಾಡಿ ಅಂತ ಬರೆದು ಕೊಡಿ. ಡಿಗ್ರಿ ಮುಗಿಸಿ ಆರು ತಿಂಗಳಾದ್ರೂ ಕೆಲಸ ಸಿಗದೋರಿಗೆ ರಾಜ್ಯದ ಯುವನಿಧಿಲಿ ತಿಂಗಳಿಗೆ 3,000 ಎರಡು ವರ್ಷದವರೆಗೆ ಬರುತ್ತೆ, ಅದು ಬಂದ್ರೆ ನೇರ ಬಡ್ಡಿಗೆ ಹಾಕಿ.

ಸಂಬಳ ಬೇಗ ಏರಿದೋರು ಯಾರು ಅಂತ ನನ್ನ ಬ್ಯಾಚನ್ನೇ ನೋಡಿ ಹೇಳ್ತೀನಿ: ಕನ್ನಡ ಇಂಗ್ಲಿಷ್ ಎರಡರಲ್ಲೂ ಚೆನ್ನಾಗಿ ಬರೆಯೋರು, ಅನುವಾದ ಬಲ್ಲೋರು, ವಿಡಿಯೋ ಎಡಿಟಿಂಗ್ ತಾವೇ ಕಲಿತೋರು. ಪಾಠ ಹೇಳೋ ಆಸೆ ಇರೋರು ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಬರೀರಿ, ಅದ್ರಲ್ಲಿ ಹೆಚ್ಚು ಅಂಕ ಬಂದು ಜೆಆರ್‌ಎಫ್ (ಸಂಶೋಧನೆಗೆ ಕೊಡೋ ಫೆಲೋಶಿಪ್) ಆದ್ರೆ ಪಿಎಚ್‌ಡಿ ಮಾಡುವಾಗ ತಿಂಗಳಿಗೆ 37,000 ಫೆಲೋಶಿಪ್, ಅದು ನಮ್ಮ ಏಳು ಜನರಲ್ಲಿ ಆರು ಜನರ ಸಂಬಳಕ್ಕಿಂತ ಜಾಸ್ತಿ.

ತಂಗಿ ಕೊನೆಗೆ ಮೈಸೂರಲ್ಲಿ ಬಿಎ ಸೇರಿದ್ಲು, ಪತ್ರಿಕೋದ್ಯಮ ಒಂದು ವಿಷಯ. ಸ್ಕಾಲರ್‌ಶಿಪ್ ಬಂತು, ಉಳಿದಿದ್ದಕ್ಕೆ ವರ್ಷಕ್ಕೆ 60,000 ಅಂತ ಮೂರು ವರ್ಷಕ್ಕೆ 1.8 ಲಕ್ಷ ಸಾಲ ಮಂಜೂರಾಗಿದೆ. ಬಡ್ಡಿ ಓದುವಾಗಲೇ ಕಟ್ಟಿಬಿಟ್ರೆ ಐದು ವರ್ಷದ ಇಎಂಐ 3,870, ಗೆರೆ ಹಾಕಿದ್ದ 4,000ದ ಒಳಗೆ. ಈ ವರ್ಷದ ಬಡ್ಡಿ ತಿಂಗಳಿಗೆ 525 ರೂಪಾಯಿ. ಡೇರಿಲಿ ಹಾಲಿನ ಬಟವಾಡೆ ಆದ ದಿನವೇ ಚಿಕ್ಕಪ್ಪ ಬ್ಯಾಂಕಿಗೆ ಹೋಗಿ ಕಟ್ಟಿ, ರಸೀದಿ ಫೋಟೋ ತೆಗೆದು ನಂಗೂ ಅವಳಿಗೂ ವಾಟ್ಸಾಪ್ ಮಾಡ್ತಾರೆ.